ಕ್ಯಾರವಾನ್ ಪ್ರಯಾಣದಲ್ಲಿ ಹಾಲು, ಮೊಸರು, ಹಿಟ್ಟು ತಣ್ಣಗಿರಬೇಕಾದರೆ

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿ ನೆಲೆಸಿರುವ ಕನ್ನಡಿಗರು. ಕಳೆದ ವರ್ಷ ಒಂದು ಹಳೆಯ ಕ್ಯಾರವಾನ್ ಕೊಂಡೆವು. ಗ್ಯಾಸ್, ಕಾರಿನ 12 ವೋಲ್ಟ್ ಮತ್ತು 240 ವೋಲ್ಟ್ ಕರೆಂಟ್, ಈ ಮೂರರಲ್ಲೂ ನಡೆಯುವ ತ್ರೀ-ವೇ ಫ್ರಿಜ್ ಅದರಲ್ಲಿದೆ. ಬೇಸಿಗೆಯಲ್ಲಿ ಗ್ರಾಂಪಿಯನ್ಸ್ ಬೆಟ್ಟಗಳಿಗೆ ಹೋದಾಗ ದಾರಿಯಲ್ಲೇ ಹಾಲು ಒಡೆಯಿತು, ದೋಸೆ ಹಿಟ್ಟು ಡಬ್ಬಿಯಿಂದ ಉಕ್ಕಿ ಫ್ರಿಜ್ಜಿನ ತಳಕ್ಕೆಲ್ಲ ಹರಿಯಿತು. ಬರುವ ಡಿಸೆಂಬರ್ ಕೊನೆಯಲ್ಲಿ ನಲ್ಲರ್ಬಾರ್ ಬಯಲು ದಾಟಿ ಪರ್ತ್‌ಗೆ ಹೋಗಬೇಕೆಂದಿದ್ದೇವೆ. ಇಬ್ಬರು ಚಿಕ್ಕ ಮಕ್ಕಳೂ ಇನ್ಸುಲಿನ್ ತೆಗೆದುಕೊಳ್ಳುವ ನಮ್ಮ ಅತ್ತೆಯವರೂ ಜೊತೆಗಿರುತ್ತಾರೆ. ಈ ಫ್ರಿಜ್ ಕಿತ್ತು ಹಾಕಿ ಕಂಪ್ರೆಸರ್ ಫ್ರಿಜ್ ಕೂರಿಸಿ ಎಂದು ಅಂಗಡಿಯವರು ಹೇಳುತ್ತಾರೆ. ನಿಮ್ಮ ಸಲಹೆ ಏನು?

ಉತ್ತರ: ಈಗಲೇ ಹೊಸ ಫ್ರಿಜ್ ಕೊಳ್ಳಬೇಡಿ. ಹಾಲು ಒಡೆದದ್ದು ದಾರಿಯಲ್ಲಿ ಎಂದು ನೀವೇ ಬರೆದಿದ್ದೀರಿ. ಬಿಡಾರದ ತಾಣ ತಲುಪಿ 240 ವೋಲ್ಟ್ ಕರೆಂಟ್‌ಗೆ ಜೋಡಿಸಿದ ಮೇಲೆಯೂ ಫ್ರಿಜ್ ತಣ್ಣಗಾಗಲಿಲ್ಲ ಎಂದು ಬರೆದಿಲ್ಲ. ಈ ಒಂದು ವ್ಯತ್ಯಾಸದಿಂದ ಬಹಳಷ್ಟು ತಿಳಿಯುತ್ತದೆ. ಫ್ರಿಜ್ಜಿನ ಒಳಾಂಗ ಬಹುಶಃ ಆರೋಗ್ಯವಾಗಿಯೇ ಇದೆ; ಕಾರು ಓಡುತ್ತಿರುವಾಗ ಅದಕ್ಕೆ ಸಿಗಬೇಕಾದ ವಿದ್ಯುತ್ತು ಪೂರ್ತಿ ಸಿಗುತ್ತಿಲ್ಲ, ಹಾಗೆಯೇ ಅದರ ಬೆನ್ನಿನಿಂದ ಹೊರಹೋಗಬೇಕಾದ ಬಿಸಿ ಸರಿಯಾಗಿ ಹೊರಹೋಗುತ್ತಿಲ್ಲ ಎಂಬುದು ನನ್ನ ಅಂದಾಜು. ಈ ಎರಡನ್ನೂ ಅಳೆದು ಸರಿಪಡಿಸುವ ಖರ್ಚು ಹೊಸ ಫ್ರಿಜ್ಜಿನ ಬೆಲೆಯ ಒಂದು ಸಣ್ಣ ಪಾಲಷ್ಟೇ ಆದೀತು. ಆದರೆ ಡಿಸೆಂಬರ್ ಕೊನೆಯ ನಲ್ಲರ್ಬಾರ್ ಬಿಸಿಲು ಗ್ರಾಂಪಿಯನ್ಸ್‌ನ ಬಿಸಿಲಲ್ಲ. ಅಲ್ಲಿಗೆ ಈ ರಿಪೇರಿಯ ಜೊತೆಗೆ ಬೇರೆ ಒಂದು ಏರ್ಪಾಟೂ ಬೇಕಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಯಂತ್ರ ಕೆಲಸ ಮಾಡುವ ಬಗೆಯನ್ನು ತಿಳಿದುಕೊಂಡರೆ ಉಳಿದದ್ದು ಸುಲಭ. ಮನೆಯ ಫ್ರಿಜ್ಜಿನಲ್ಲಿ ಮೋಟಾರು ಅನಿಲವನ್ನು ಒತ್ತಿ ತಂಪು ಹುಟ್ಟಿಸುತ್ತದೆ; ಅಂಗಡಿಯವರು ಹೇಳುವ ಕಂಪ್ರೆಸರ್ ಫ್ರಿಜ್ಜೂ ಇದೇ ಬಗೆಯದು. ನಿಮ್ಮ ತ್ರೀ-ವೇ ಫ್ರಿಜ್ಜಿನಲ್ಲಿ ಮೋಟಾರೇ ಇಲ್ಲ. 1922ರಲ್ಲಿ ಸ್ಟಾಕ್‌ಹೋಮ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ವಿಧಾನವೇ ಇಂದಿಗೂ ಇದರ ಆಧಾರ. ಹಿಂಭಾಗದ ಕೊಳವೆಗಳಲ್ಲಿ ಅಮೋನಿಯ, ನೀರು ಮತ್ತು ಹೈಡ್ರೋಜನ್ ತುಂಬಿ ಶಾಶ್ವತವಾಗಿ ಬೆಸುಗೆ ಹಾಕಿರುತ್ತಾರೆ. ತಳದಲ್ಲಿ ಬಿಸಿ ಕೊಟ್ಟಾಗ ಅಮೋನಿಯ ನೀರಿನಿಂದ ಬೇರ್ಪಟ್ಟು ಆವಿಯಾಗಿ ಮೇಲೇರುತ್ತದೆ. ಮೇಲಿನ ರೆಕ್ಕೆಗಳಂಥ ತಗಡುಗಳಲ್ಲಿ ತನ್ನ ಬಿಸಿಯನ್ನು ಹೊರಗಿನ ಗಾಳಿಗೆ ಕೊಟ್ಟು ದ್ರವವಾಗುತ್ತದೆ. ಆ ದ್ರವ ಫ್ರಿಜ್ಜಿನ ಒಳಗೋಡೆಯ ಹಿಂದೆ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುವಾಗ ನಿಮ್ಮ ಹಾಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಕೊನೆಗೆ ಇಳಿದು ಬಂದು ನೀರಿನಲ್ಲಿ ಕರಗಿ, ಮತ್ತೆ ಕುದಿಯಲು ತಳ ಸೇರುತ್ತದೆ. ತಳದ ಬಿಸಿ ಗ್ಯಾಸ್ ಜ್ವಾಲೆಯಿಂದ ಬಂದರೂ ಸರಿ, 12 ವೋಲ್ಟ್ ಅಥವಾ 240 ವೋಲ್ಟ್ ಹೀಟರ್ ಕಡ್ಡಿಯಿಂದ ಬಂದರೂ ಸರಿ. ಅಂದರೆ ಈ ಫ್ರಿಜ್ಜಿಗೆ ಬೇಕಾದದ್ದು ಮೂರೇ: ತಳಕ್ಕೆ ಸಾಕಷ್ಟು ಬಿಸಿ, ಬೆನ್ನಿನ ಬಿಸಿ ಹೊರಹೋಗಲು ದಾರಿ, ನಿಂತ ನೆಲದ ಮಟ್ಟ.

ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಮೊದಲನೆಯದು. 12 ವೋಲ್ಟ್ ಹೀಟರಿನ ಸಾಮರ್ಥ್ಯ 150 ವ್ಯಾಟ್ ಎಂದಿಟ್ಟುಕೊಳ್ಳೋಣ. ಅದು ಸುಮಾರು 12.5 ಆಂಪಿಯರ್ ಎಳೆಯುತ್ತದೆ, ಅದೂ ನಿರಂತರವಾಗಿ. ಕಾರಿನ ಮುಂಭಾಗದ ಬ್ಯಾಟರಿಯಿಂದ ಕ್ಯಾರವಾನ್ ಒಳಗಿನ ಫ್ರಿಜ್ಜಿನವರೆಗೆ ತಂತಿಯ ದಾರಿ ಸುಲಭವಾಗಿ 10 ಮೀಟರ್ ಆಗುತ್ತದೆ. ಹೋಗುವ ತಂತಿ, ಮರಳುವ ತಂತಿ ಸೇರಿ 20 ಮೀಟರ್. ಹಳೆಯ ಕ್ಯಾರವಾನ್‌ಗಳಲ್ಲಿ ಕಾಣುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ ಇಷ್ಟು ದೂರದಲ್ಲಿ 1.7 ವೋಲ್ಟ್ ತಂತಿಯಲ್ಲೇ ಕರಗಿಹೋಗುತ್ತದೆ. ಕಿಲುಬು ಹಿಡಿದ ಏಳು ಪಿನ್ನಿನ ಟ್ರೇಲರ್ ಪ್ಲಗ್, ಸಡಿಲವಾದ ಜೋಡಣೆ, ಕ್ಯಾರವಾನ್‌ನ ಚಾಸಿಯನ್ನೇ ಮರಳುವ ತಂತಿಯಾಗಿ ಬಳಸಿರುವುದು, ಇವೆಲ್ಲ ಸೇರಿ ಇನ್ನಷ್ಟು ನುಂಗುತ್ತವೆ. ಹೀಟರಿನ ಬಿಸಿ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು: 12 ವೋಲ್ಟ್ ಬರಬೇಕಾದಲ್ಲಿ 10.5 ವೋಲ್ಟ್ ಬಂದರೆ 150 ವ್ಯಾಟ್ ಹೀಟರ್ ಕೊಡುವುದು 115 ವ್ಯಾಟ್ ಮಾತ್ರ. ಸೂಚಕದ ಕೆಂಪು ದೀಪವೇನೋ ಉರಿಯುತ್ತಲೇ ಇರುತ್ತದೆ. ಅದನ್ನು ನೋಡಿ ನಾವು ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತೇವೆ.

ಇದನ್ನು ಊಹೆಗೆ ಬಿಡಬೇಡಿ, ಅಳೆಯಿರಿ. ಸಾಧಾರಣ ಮಲ್ಟಿಮೀಟರ್ ಸಾಕು. ಕ್ಯಾರವಾನನ್ನು ಕಾರಿಗೆ ಜೋಡಿಸಿ, ಎಂಜಿನ್ ಚಾಲೂ ಮಾಡಿ, ಫ್ರಿಜ್ಜನ್ನು 12 ವೋಲ್ಟ್‌ಗೆ ತಿರುಗಿಸಿ ಹತ್ತು ನಿಮಿಷ ಬಿಡಿ. ನಂತರ ಹೊರಗಿನ ಕೆಳಗಿನ ಜಾಲರಿ ತೆಗೆದರೆ ಫ್ರಿಜ್ಜಿನ ಹಿಂಭಾಗದಲ್ಲಿ ದಪ್ಪ ತಂತಿಗಳೆರಡು ಬಂದು ಸೇರುವ ಜೋಡಣೆ ಕಾಣುತ್ತದೆ. ಅಲ್ಲಿ, ಹೀಟರ್ ಉರಿಯುತ್ತಿರುವಾಗಲೇ, ವೋಲ್ಟೇಜ್ ನೋಡಿ. ಹೀಟರ್ ಆರಿಸಿ ಅಳೆದರೆ 13 ವೋಲ್ಟ್ ಮೇಲೆಯೇ ತೋರಿಸಿ ನಿಮ್ಮನ್ನು ಮೋಸಗೊಳಿಸುತ್ತದೆ, ಏಕೆಂದರೆ ತಂತಿಯಲ್ಲಿ ಪ್ರವಾಹವೇ ಹರಿಯದಿದ್ದಾಗ ನಷ್ಟವೂ ಇರುವುದಿಲ್ಲ. ಉರಿಯುವಾಗ 12 ವೋಲ್ಟ್‌ಗಿಂತ ಕಡಿಮೆ ಬಂದರೆ ರೋಗ ಸಿಕ್ಕಿತು ಎಂದೇ ಅರ್ಥ. ನಂತರ ಕಾರಿನ ಬ್ಯಾಟರಿಯ ಮೇಲೆ, ಆಮೇಲೆ ಪ್ಲಗ್ಗಿನ ಎರಡೂ ಬದಿಗಳಲ್ಲಿ ಅಳೆಯುತ್ತಾ ಬಂದರೆ ವೋಲ್ಟ್ ಕಳೆದುಹೋಗುತ್ತಿರುವ ಜಾಗವೂ ಸಿಗುತ್ತದೆ.

ಪರಿಹಾರ ದಪ್ಪ ತಂತಿ. ಕಾರಿನ ಬ್ಯಾಟರಿಯಿಂದ ಫ್ಯೂಸ್ ಮೂಲಕ ಹೊರಟು, ಹೆಚ್ಚು ಪ್ರವಾಹ ತಾಳುವ 50 ಆಂಪಿಯರಿನ ಆಂಡರ್ಸನ್ ಪ್ಲಗ್ ದಾಟಿ, ನೇರವಾಗಿ ಫ್ರಿಜ್ಜಿಗೆ ಮಾತ್ರ ಹೋಗುವ 13.5 ಚದರ ಮಿಲಿಮೀಟರಿನ ಜೋಡಿ ತಂತಿ ಎಳೆಸಿದರೆ ತಂತಿಯ ನಷ್ಟ ವೋಲ್ಟಿನ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಸ್ಟ್ರೇಲಿಯದ ಅಂಗಡಿಗಳಲ್ಲಿ 13.5 ಚದರ ಮಿಲಿಮೀಟರಿನ ಈ ತಂತಿಯನ್ನು 6 ಬಿ ಆಂಡ್ ಎಸ್ ಎಂದು ಕೇಳಬೇಕು. ಅದರ ಬದಲು ‘6 ಮಿಲಿಮೀಟರ್ ಆಟೋ ಕೇಬಲ್’ ತಂದರೆ ಕೆಟ್ಟಿತು: ಆ ಆರು ಮಿಲಿಮೀಟರ್ ಎಂಬುದು ಪ್ಲಾಸ್ಟಿಕ್ ಹೊದಿಕೆಯೂ ಸೇರಿದ ಹೊರಗಿನ ಅಳತೆ, ಒಳಗಿನ ತಾಮ್ರ ಸುಮಾರು 4.6 ಚದರ ಮಿಲಿಮೀಟರ್ ಮಾತ್ರ. ಹೆಸರಿನ ಈ ಗೊಂದಲದಿಂದ ಎರಡೆರಡು ಬಾರಿ ತಂತಿ ಎಳೆಸಿದವರು ಎಷ್ಟೋ ಜನ. ಜೊತೆಗೆ, ಎಂಜಿನ್ ನಿಂತ ಕೂಡಲೇ ಈ ಸಂಪರ್ಕ ಕಡಿದುಹೋಗುವಂತೆ ಒಂದು ರಿಲೇ ಹಾಕಿಸಿ. ತ್ರೀ-ವೇ ಫ್ರಿಜ್ಜಿನ 12 ವೋಲ್ಟ್ ಹೀಟರ್ ಇರುವುದು ಕಾರು ಓಡುವಾಗಿನ ಬಳಕೆಗೆ ಮಾತ್ರ. ನಿಂತಾಗ ಬ್ಯಾಟರಿಯಿಂದ ಅದನ್ನು ಉರಿಸಿದರೆ 100 ಆಂಪಿಯರ್-ಗಂಟೆಯ ಬ್ಯಾಟರಿಯ ಬಳಸಬಹುದಾದ ಅರ್ಧ ಭಾಗ ನಾಲ್ಕೇ ಗಂಟೆಯಲ್ಲಿ ಮುಗಿಯುತ್ತದೆ.

ಎರಡನೆಯದು ಬೆನ್ನಿನ ಗಾಳಿ. ಕ್ಯಾರವಾನ್ ತಯಾರಿಸುವವರು ಈ ವಿಷಯದಲ್ಲಿ ತೋರುವ ಅಲಕ್ಷ್ಯ ಆಶ್ಚರ್ಯ ಹುಟ್ಟಿಸುವಂಥದ್ದು. ಫ್ರಿಜ್ಜಿನ ಹಿಂದೆ ಕೆಳಗಿನ ಜಾಲರಿಯಿಂದ ತಂಪು ಗಾಳಿ ಒಳಬಂದು, ರೆಕ್ಕೆಗಳ ನಡುವೆ ಹಾದು ಬಿಸಿಯಾಗಿ, ಮೇಲಿನ ಜಾಲರಿಯಿಂದ ಹೊರಬೀಳಬೇಕು. ರೆಕ್ಕೆಗಳಿಗೂ ಕ್ಯಾರವಾನ್ ಗೋಡೆಗೂ ನಡುವೆ ಅಗಲವಾದ ಖಾಲಿ ಜಾಗವಿದ್ದರೆ ಗಾಳಿ ಸೋಮಾರಿಯಂತೆ ಆ ಖಾಲಿ ಜಾಗದಿಂದಲೇ ಮೇಲೇರಿ ಹೋಗುತ್ತದೆ, ರೆಕ್ಕೆಗಳನ್ನು ಮುಟ್ಟುವುದೇ ಇಲ್ಲ. ಇನ್ನು ಫ್ರಿಜ್ಜಿನ ನೆತ್ತಿಯ ಮೇಲೆ ಮುಚ್ಚಿದ ಗೂಡಿನಂಥ ಜಾಗವಿದ್ದರೆ ಬಿಸಿಗಾಳಿ ಅಲ್ಲೇ ಸಿಕ್ಕಿಕೊಂಡು ಫ್ರಿಜ್ಜಿನ ತಲೆಯನ್ನು ಕಾಯಿಸುತ್ತಿರುತ್ತದೆ. ಟಾರ್ಚ್ ಹಿಡಿದು ಜಾಲರಿಗಳ ಮೂಲಕ ನೋಡಿದರೆ ಇವೆರಡೂ ಕಣ್ಣಿಗೆ ಬೀಳುತ್ತವೆ. ತೆಳು ಅಲ್ಯೂಮಿನಿಯಂ ತಗಡನ್ನು ಬಾಗಿಸಿ ಗಾಳಿಯನ್ನು ರೆಕ್ಕೆಗಳ ಕಡೆ ತಳ್ಳುವಂತೆ ತಡೆ ನಿಲ್ಲಿಸುವುದು, ನೆತ್ತಿಯ ಖಾಲಿ ಜಾಗವನ್ನು ಉರಿ ಹತ್ತದ ನಿರೋಧಕದಿಂದ ತುಂಬುವುದು, ಮೇಲಿನ ಜಾಲರಿಯ ಒಳಬದಿಯಲ್ಲಿ ಕಂಪ್ಯೂಟರಿನಲ್ಲಿರುವಂಥ ಎರಡು ಸಣ್ಣ 12 ವೋಲ್ಟ್ ಫ್ಯಾನುಗಳನ್ನು ಬಿಸಿಗಾಳಿ ಹೊರದೂಡುವಂತೆ ಕೂರಿಸುವುದು, ಇಷ್ಟನ್ನು ಒಂದು ಭಾನುವಾರದಲ್ಲಿ ಮಾಡಿ ಮುಗಿಸಬಹುದು. ಹೊಗೆ ಹೊರಹೋಗುವ ಕೊಳವೆಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು, ಅಲುಗಿಸಲೂಬಾರದು. ಬರ್ನರ್, ಗ್ಯಾಸ್ ಕೊಳವೆ, 240 ವೋಲ್ಟ್ ವೈರಿಂಗ್ ಇವುಗಳಿಗೆ ಆಸ್ಟ್ರೇಲಿಯದಲ್ಲಿ ಪರವಾನಗಿ ಇರುವವರೇ ಕೈ ಹಾಕಬೇಕು.

ಬಿಡಾರ ಹೂಡುವಾಗ ಫ್ರಿಜ್ ಇರುವ ಗೋಡೆ ನೆರಳಿನ ಕಡೆಗೆ ಬರುವಂತೆ ಕ್ಯಾರವಾನ್ ನಿಲ್ಲಿಸಿ. ದಕ್ಷಿಣ ಗೋಳದಲ್ಲಿ ನಡುಹಗಲ ಸೂರ್ಯ ಉತ್ತರಕ್ಕಿರುತ್ತಾನೆ ಎಂಬುದು ನಮ್ಮೂರಿನ ಲೆಕ್ಕದಲ್ಲೇ ದಿಕ್ಕು ನೋಡುವ ನಮಗೆ ಥಟ್ಟನೆ ಹೊಳೆಯುವುದಿಲ್ಲ. ಉತ್ತರ ಮತ್ತು ಪಶ್ಚಿಮ ಗೋಡೆಗಳೇ ಹೆಚ್ಚು ಕಾಯುವವು. ಫ್ರಿಜ್ ದಕ್ಷಿಣಕ್ಕೆ ಅಥವಾ ಪೂರ್ವಕ್ಕೆ ಬರಲಿ.

ಮಟ್ಟದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕೊಳವೆಗಳೊಳಗಿನ ದ್ರವ ಇಳಿಯುವುದು ಬರೀ ತನ್ನ ಭಾರದಿಂದ. ಕ್ಯಾರವಾನ್ ಓರೆಯಾಗಿ ನಿಂತರೆ ಅದು ಮೂಲೆಯಲ್ಲಿ ನಿಂತುಬಿಡುತ್ತದೆ, ತಳದ ಕೊಳವೆ ಬರಿದಾಗಿ ವಿಪರೀತ ಕಾಯುತ್ತದೆ, ತುಕ್ಕು ತಡೆಯಲು ಸೇರಿಸಿರುವ ರಾಸಾಯನಿಕ ಹರಳುಗಟ್ಟಿ ದಾರಿ ಮುಚ್ಚುತ್ತದೆ. ಹಾಗಾದ ಫ್ರಿಜ್ ಮತ್ತೆ ಸರಿಹೋಗುವುದು ಅಪರೂಪ. ಓಡುವಾಗಿನ ಕುಲುಕಾಟದಿಂದ ತೊಂದರೆಯಿಲ್ಲ. ನಿಂತಾಗ ಫ್ರಿಜ್ಜಿನೊಳಗೆ ಒಂದು ಸಣ್ಣ ಮಟ್ಟಗೋಲು ಇಟ್ಟು ನೋಡಿ.

ಇನ್ನು ಗ್ಯಾಸ್. ಈ ಫ್ರಿಜ್ಜುಗಳು ಚೆನ್ನಾಗಿ ತಣಿಯುವುದು ಗ್ಯಾಸಿನಲ್ಲೂ 240 ವೋಲ್ಟಿನಲ್ಲೂ. 12 ವೋಲ್ಟ್ ಎಂದಿಗೂ ಮೂರನೆಯ ಸ್ಥಾನದ್ದು. 9 ಕಿಲೋ ಸಿಲಿಂಡರ್ ಬರೀ ಫ್ರಿಜ್ಜಿಗಾದರೆ ಹೆಚ್ಚುಕಡಿಮೆ ಮೂರು ವಾರ ಬರುತ್ತದೆ. ಹಾಗೆಂದು ಕಾರು ಓಡಿಸುವಾಗ ಗ್ಯಾಸ್ ಉರಿಸಬೇಡಿ. ಪೆಟ್ರೋಲ್ ಬಂಕಿನ ಆವರಣಕ್ಕೆ ಹೋಗುವ ಮೊದಲೇ ಜ್ವಾಲೆ ಆರಿರಬೇಕು, ಸಿಲಿಂಡರ್ ಮುಚ್ಚಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಊಟಕ್ಕೆಂದು ಬಂಕಿನಿಂದ ದೂರ ಒಂದು ಗಂಟೆ ನಿಲ್ಲುವುದಾದರೆ ಗ್ಯಾಸಿಗೆ ತಿರುಗಿಸಿಕೊಳ್ಳಿ, ಹೊರಡುವಾಗ ಮರಳಿ 12 ವೋಲ್ಟಿಗೆ. ಈ ತಿರುಗಿಸುವ ಕೆಲಸವನ್ನು ಮನೆಯ ಒಬ್ಬರಿಗೇ ವಹಿಸಿ. ಇಬ್ಬರು ನೋಡಿಕೊಳ್ಳುವ ಫ್ರಿಜ್ಜನ್ನು ಯಾರೂ ನೋಡಿಕೊಂಡಿರುವುದಿಲ್ಲ.

ಹೊರಡುವ ಹಿಂದಿನ ದಿನದ ತಯಾರಿಯ ಬಗ್ಗೆ ಸ್ವಲ್ಪ ಲೆಕ್ಕ ಹೇಳಬೇಕು. 150 ವ್ಯಾಟ್ ಬಿಸಿ ತಿಂದರೂ ಈ ಫ್ರಿಜ್ ಒಳಗಿನಿಂದ ಹೊರತೆಗೆಯುವ ಶಾಖ ಕೆಲವು ಹತ್ತು ವ್ಯಾಟ್‌ಗಳಷ್ಟೇ. 30 ಡಿಗ್ರಿಯ ಐದು ಲೀಟರ್ ನೀರನ್ನೋ ಹಣ್ಣಿನ ರಸವನ್ನೋ ಒಳಗಿಟ್ಟು 4 ಡಿಗ್ರಿಗೆ ಇಳಿಸಬೇಕೆಂದರೆ ಸುಮಾರು 150 ವ್ಯಾಟ್-ಗಂಟೆಯಷ್ಟು ಶಾಖ ತೆಗೆಯಬೇಕು. ಅಂದರೆ ಬೇರೇನೂ ಕೆಲಸವಿಲ್ಲದಿದ್ದರೂ ಫ್ರಿಜ್ಜಿಗೆ ಅದೊಂದರಲ್ಲೇ ಐದಾರು ಗಂಟೆ ಕಳೆಯುತ್ತದೆ, ಅಷ್ಟು ಹೊತ್ತು ಪಕ್ಕದ ಹಾಲು ಕಾಯುತ್ತಿರುತ್ತದೆ. ಆದ್ದರಿಂದ ಹೊರಡುವ 24 ಗಂಟೆ ಮೊದಲೇ ಕ್ಯಾರವಾನನ್ನು ಮನೆಯ ಕರೆಂಟಿಗೆ ಜೋಡಿಸಿ ಫ್ರಿಜ್ ಚಾಲೂ ಮಾಡಿ, ಮನೆಯ ಫ್ರಿಜ್ಜಿನಲ್ಲಿ ಈಗಾಗಲೇ ತಣಿದ ವಸ್ತುಗಳನ್ನೇ ಅದಕ್ಕೆ ವರ್ಗಾಯಿಸಿ. ಅದನ್ನು ತಣಿಸುವ ಯಂತ್ರವೆಂದು ನೋಡದೆ, ತಣಿದದ್ದನ್ನು ಕಾಪಾಡುವ ಪೆಟ್ಟಿಗೆಯೆಂದು ನೋಡಿ. ಮಕ್ಕಳ ಕುಡಿಯುವ ನೀರು, ತಂಪು ಪಾನೀಯ ಅದರಲ್ಲಿ ಬೇಡವೇ ಬೇಡ, ಏಕೆಂದರೆ ಅವಕ್ಕಾಗಿಯೇ ಬಾಗಿಲು ಪದೇ ಪದೇ ತೆರೆಯುವುದು. ನೀರಿಗೆ ಬೇರೆ ಐಸ್ ಪೆಟ್ಟಿಗೆ ಇರಲಿ. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ, ಅಂದರೆ ಮೂರು ಲೀಟರ್ ಬೆಚ್ಚಗಿನ ನೀರನ್ನು ಫ್ರಿಜ್ಜಿನ ತಂಪಿಗೆ ಇಳಿಸಲು ಸಾಕು. ಬಂಕುಗಳಲ್ಲಿ ಸಿಗುವ ಐಸ್ ಚೀಲ ಆ ಕೆಲಸಕ್ಕೆ ಧಾರಾಳ.

ಫ್ರಿಜ್ಜನ್ನು ಕಿಕ್ಕಿರಿದು ತುಂಬಬೇಡಿ. ಒಳಗೆ ಹಿಂಗೋಡೆಯ ತಗಡಿನಿಂದ ಇಳಿದ ತಂಪು ಗಾಳಿ ಡಬ್ಬಿಗಳ ನಡುವೆ ಸುತ್ತಾಡಲು ಜಾಗ ಬೇಕು. ಆ ತಗಡಿಗೆ ತಾಗಿಸಿ ಏನನ್ನೂ ಇಡಬಾರದು.

ಈಗ ಅಂಗಡಿಯವರ ಸಲಹೆಗೆ ಬರೋಣ. ಕಂಪ್ರೆಸರ್ ಫ್ರಿಜ್ ಬಿಸಿಲಿಗೆ ಮೇಲು ಎಂಬುದು ಸತ್ಯ. ತ್ರೀ-ವೇ ಫ್ರಿಜ್ಜುಗಳಲ್ಲಿ ಉಷ್ಣ ಪ್ರದೇಶಕ್ಕೆಂದು ಗುರುತಿಸಿದ ‘ಟಿ’ ದರ್ಜೆಯವೂ 43 ಡಿಗ್ರಿವರೆಗಿನ ಹವೆಗಷ್ಟೇ ಲೆಕ್ಕ ಹಾಕಿದವು. ನಲ್ಲರ್ಬಾರ್‌ನಲ್ಲಿ 2019ರ ಡಿಸೆಂಬರ್ 19ರಂದು 49.9 ಡಿಗ್ರಿ ದಾಖಲಾಗಿದೆ. ಪ್ರತಿ ದಿನ ಅಷ್ಟು ಬಿಸಿ ಇರುವುದಿಲ್ಲ, ಸಮುದ್ರದ ಗಾಳಿ ಬೀಸಿದ ದಿನ ಹಿತವಾಗಿಯೇ ಇರುತ್ತದೆ. ಆದರೆ ಕೆಟ್ಟ ದಿನ ಯಾವುದೆಂದು ಎರಡು ತಿಂಗಳ ಮೊದಲೇ ಗೊತ್ತಾಗದು. ಹಾಗಿದ್ದೂ ಕ್ಯಾರವಾನ್‌ನ ಫ್ರಿಜ್ ಬದಲಿಸಬೇಡಿ ಎನ್ನುವುದೇಕೆಂದರೆ, ದೊಡ್ಡ ಕಂಪ್ರೆಸರ್ ಫ್ರಿಜ್ ಬಂದ ಕೂಡಲೇ ಅದರ ಹಿಂದೆ ದೊಡ್ಡ ಬ್ಯಾಟರಿ, ಚಾವಣಿಗೆ ಸೋಲಾರ್ ಫಲಕ, ಕಾರಿನಿಂದ ಬ್ಯಾಟರಿ ತುಂಬುವ ಚಾರ್ಜರ್ ಎಲ್ಲವೂ ಬರಬೇಕಾಗುತ್ತದೆ. ಅಂಗಡಿಯವರು ಹೇಳುವ ಬೆಲೆಯಲ್ಲಿ ಇವು ಸೇರಿರುವುದಿಲ್ಲ.

ಅದರ ಬದಲು 35ರಿಂದ 40 ಲೀಟರಿನ, ಕೈಯಲ್ಲಿ ಎತ್ತಿಡಬಹುದಾದ ಒಂದು ಕಂಪ್ರೆಸರ್ ಪೆಟ್ಟಿಗೆ ಕೊಂಡು ಕಾರಿನ ಹಿಂಭಾಗದಲ್ಲಿ ಇಡಿ ಎನ್ನುತ್ತೇನೆ. ಕಾರಿನೊಳಗೆ ಎಸಿ ಇರುವುದರಿಂದ ಓಡುವಾಗ ಅದು ನಿರಾಯಾಸವಾಗಿ ತಣ್ಣಗಿರುತ್ತದೆ; ಬಾಗಿಲು ಮೇಲಕ್ಕೆ ತೆರೆಯುವುದರಿಂದ ತಂಪು ಗಾಳಿ ಸುರಿದುಹೋಗುವುದಿಲ್ಲ; ಪ್ರವಾಸ ಮುಗಿದ ಮೇಲೆ ಪಾರ್ಕಿನ ಊಟಕ್ಕೂ ಒದಗುತ್ತದೆ. ಬೇಸಿಗೆಯಲ್ಲಿ ಇದು ದಿನಕ್ಕೆ 30ರಿಂದ 50 ಆಂಪಿಯರ್-ಗಂಟೆ ತಿನ್ನುತ್ತದೆ ಎಂದು ಲೆಕ್ಕ ಹಿಡಿದು, ಕಾರಿನಲ್ಲಿ ಎರಡನೆಯ ಬ್ಯಾಟರಿಯಾಗಿ 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಇಟ್ಟುಕೊಂಡರೆ ಒಂದು ರಾತ್ರಿ, ಒಂದು ಹಗಲು ಚಿಂತೆಯಿಲ್ಲ. ಮಡಚುವ 200 ವ್ಯಾಟ್ ಸೋಲಾರ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ಮರಳಿ ತುಂಬುತ್ತದೆ. ಕಾರು ಸ್ಟಾರ್ಟ್ ಮಾಡುವ ಬ್ಯಾಟರಿಗೇ ಪೆಟ್ಟಿಗೆ ಜೋಡಿಸಿ ಮಲಗಿದರೆ ಬೆಳಿಗ್ಗೆ ಕಾರು ಹೊರಡುವುದಿಲ್ಲ, ಅದೂ ಮುಂದಿನ ಮೆಕ್ಯಾನಿಕ್ ಕೆಲವು ನೂರು ಕಿಲೋಮೀಟರ್ ದೂರವಿರುವ ಕಡೆ. ಹಾಲು, ಮೊಸರು, ಫ್ರೀಜ್ ಮಾಡಿದ ಅಡುಗೆ ಮತ್ತು ಅತ್ತೆಯವರ ಔಷಧಿ ಈ ಪೆಟ್ಟಿಗೆಯಲ್ಲಿ. ತರಕಾರಿ, ಚಟ್ನಿ, ಬೆಣ್ಣೆ, ಉಪ್ಪಿನಕಾಯಿಯಂಥವು ಕ್ಯಾರವಾನ್ ಫ್ರಿಜ್ಜಿನಲ್ಲಿ.

ಎರಡರಲ್ಲೂ ಒಂದೊಂದು ಥರ್ಮಾಮೀಟರ್ ಇರಲೇಬೇಕು. ಅದರ ತುದಿಯನ್ನು ಗಾಳಿಯಲ್ಲಿ ತೂಗಬಿಡದೆ ಒಂದು ಸಣ್ಣ ನೀರಿನ ಶೀಶೆಯಲ್ಲಿ ಮುಳುಗಿಸಿಡಿ. ಬಾಗಿಲು ತೆರೆದಾಗ ಕುಣಿದಾಡುವ ಗಾಳಿಯ ಅಂಕಿ ನಮಗೆ ಬೇಡ, ಆಹಾರದ ಉಷ್ಣತೆ ಬೇಕು. ಆಸ್ಟ್ರೇಲಿಯದ ಆಹಾರ ಸುರಕ್ಷತೆಯ ನಿಯಮದಂತೆ ಬೇಗ ಕೆಡುವ ಆಹಾರ 5 ಡಿಗ್ರಿಗಿಂತ ಕೆಳಗೆ ಅಥವಾ 60 ಡಿಗ್ರಿಗಿಂತ ಮೇಲೆ ಇರಬೇಕು. ಈ ಎರಡರ ನಡುವೆ ಕಳೆದ ಒಟ್ಟು ಸಮಯ ಎರಡು ಗಂಟೆಯೊಳಗಿದ್ದರೆ ಮತ್ತೆ ತಣ್ಣಗೆ ಇಡಬಹುದು. ಎರಡರಿಂದ ನಾಲ್ಕು ಗಂಟೆಯಾಗಿದ್ದರೆ ಆಗಲೇ ತಿಂದು ಮುಗಿಸಬೇಕು. ನಾಲ್ಕು ದಾಟಿದರೆ ಎಸೆಯಬೇಕು. ಥರ್ಮಾಮೀಟರ್ 9 ಡಿಗ್ರಿ ತೋರಿಸುತ್ತಿರುವಾಗ ‘ಮುಟ್ಟಿದರೆ ತಣ್ಣಗಿದೆಯಲ್ಲ’ ಎನ್ನುವುದು ನಮ್ಮೆಲ್ಲರ ಅಭ್ಯಾಸ. ಬೆರಳಿಗೆ 9 ಕ್ಕೂ 4 ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ನಮ್ಮ ಅಡುಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅನ್ನಕ್ಕೆ. ಹಾಲು ಕೆಟ್ಟರೆ ವಾಸನೆ ಬರುತ್ತದೆ, ಅನ್ನ ಹೇಳುವುದಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ; ಅನ್ನ ಬೆಚ್ಚಗೆ ಕುಳಿತಷ್ಟು ಹೊತ್ತು ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಕಲಸಿದ ಚಿತ್ರಾನ್ನವನ್ನು ಸೀಟಿನ ಮೇಲೆ ಇಟ್ಟು ಮಧ್ಯಾಹ್ನ ಒಂದಕ್ಕೆ ಮಕ್ಕಳಿಗೆ ಕೊಡುವುದು ಊರಿನ ರೈಲು ಪ್ರಯಾಣದಿಂದ ಬಂದ ರೂಢಿ; ಈ ಬಿಸಿಲಿಗೆ ಅದು ಸಲ್ಲದು. ಮೊಸರನ್ನಕ್ಕೆ ಹುಳಿಯ ರಕ್ಷಣೆ ಸ್ವಲ್ಪ ಇದೆ, ಆದರೆ ಅದನ್ನು ನೆಚ್ಚಿಕೊಂಡು ನಾಲ್ಕು ಗಂಟೆಯ ಮಿತಿಯನ್ನು ಮರೆಯಬಾರದು. ನಿಂತಲ್ಲೇ ಅನ್ನ ಮಾಡಿಕೊಳ್ಳಿ, ಉಳಿದರೆ ಚೆಲ್ಲಿ.

ಇನ್ಸುಲಿನ್ ವಿಷಯದಲ್ಲಿ ಬಿಸಿಯಷ್ಟೇ ಹೆಪ್ಪುಗಟ್ಟುವುದೂ ಅಪಾಯ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ, ಕರಗಿ ಮೊದಲಿನಂತೆ ಕಂಡರೂ ಬಳಸಬಾರದು. ಕಂಪ್ರೆಸರ್ ಪೆಟ್ಟಿಗೆಯ ಗೋಡೆಗೆ ತಾಗಿದ ಜಾಗ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಆದ್ದರಿಂದ ಔಷಧಿಯನ್ನು ಟವೆಲಿನಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಮೊಸರಿನ ಪಾತ್ರೆಗಳ ನಡುವೆ ಇಡಿ. ಪೆಟ್ಟಿಗೆಯ ಉಷ್ಣತೆಯನ್ನು 4 ಡಿಗ್ರಿಗಿಂತ ಕೆಳಕ್ಕೆ ತಿರುಗಿಸಬೇಡಿ. ಬಳಕೆಯಲ್ಲಿರುವ ಪೆನ್ನಿಗೆ ಫ್ರಿಜ್ ಬೇಕಿಲ್ಲ. ಸಾಮಾನ್ಯವಾಗಿ 25 ಅಥವಾ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಇರಬಲ್ಲದು, ಆದರೆ ಬಗೆಯಿಂದ ಬಗೆಗೆ ಅವಧಿ ಬೇರೆಯಾಗುವುದರಿಂದ ಪೊಟ್ಟಣದೊಳಗಿನ ಚೀಟಿಯನ್ನೂ ಔಷಧಿ ಅಂಗಡಿಯವರನ್ನೂ ಕೇಳಿಕೊಳ್ಳಿ. ಕಾರಿನಿಂದ ಇಳಿದು ಓಡಾಡುವಾಗ ನೀರಿನಲ್ಲಿ ನೆನೆಸಿ ಬಳಸುವ ಚೀಲಗಳು ಪೆನ್ನಿಗೆ ಚೆನ್ನಾಗಿ ಒದಗುತ್ತವೆ, ಏಕೆಂದರೆ ನಲ್ಲರ್ಬಾರ್‌ನ ಒಣಗಾಳಿಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ತಣಿಸುತ್ತದೆ. ನೀವು ಪರ್ತ್‌ಗೆ ಹೋಗುವಾಗ ದಾಟುವ ಕೂಲ್‌ಗಾರ್ಡಿಯಲ್ಲಿ 1890ರ ದಶಕದ ಚಿನ್ನದ ಗಣಿಗಾರರು ಒದ್ದೆ ಗೋಣಿಬಟ್ಟೆ ಹೊದಿಸಿದ ಗೂಡಿನಲ್ಲಿ ಬೆಣ್ಣೆ, ಮಾಂಸ ಕಾಪಾಡಿಕೊಂಡದ್ದು ಇದೇ ಉಪಾಯದಿಂದ. ‘ಕೂಲ್‌ಗಾರ್ಡಿ ಸೇಫ್’ ಎಂಬ ಹೆಸರಿನಲ್ಲಿ ಅದು ಕರೆಂಟ್ ಬರುವವರೆಗೂ ಈ ದೇಶದ ಹಳ್ಳಿಮನೆಗಳಲ್ಲಿತ್ತು.

ತಂಪು ಉಳಿಸುವ ಅತ್ಯುತ್ತಮ ದಾರಿ ತಂಪು ಬೇಕಾದ ವಸ್ತುಗಳನ್ನೇ ಕಡಿಮೆ ಮಾಡುವುದು. ಹುಳಿ, ಸಾಗು, ಬೇಳೆ ಸಾರುಗಳನ್ನು ಮನೆಯಲ್ಲೇ ಗಟ್ಟಿಯಾಗಿ ಮಾಡಿ, ಅಗಲ ತಟ್ಟೆಗಳಲ್ಲಿ ಹರಡಿ ಎರಡು ಗಂಟೆಯೊಳಗೆ 21 ಡಿಗ್ರಿಗೆ ಇಳಿಸಿ, ಆಮೇಲೆ ಜಿಪ್ ಚೀಲಗಳಲ್ಲಿ ಒಂದೊಂದು ಊಟಕ್ಕೆ ಬೇಕಾದಷ್ಟು ತುಂಬಿ, ಗಾಳಿ ಒತ್ತಿ ತೆಗೆದು, ಹಲಗೆಯಂತೆ ಚಪ್ಪಟೆಯಾಗಿ ಮಲಗಿಸಿ ಮನೆಯ ಫ್ರೀಜರಿನಲ್ಲಿ ಎರಡು ದಿನ ಕಲ್ಲಾಗಿಸಿ. ಈ ಹಲಗೆಗಳನ್ನು ಪೆಟ್ಟಿಗೆಯಲ್ಲಿ ಪುಸ್ತಕಗಳಂತೆ ನಿಲ್ಲಿಸಿದರೆ ಬೇರೆ ಐಸ್ ಬೇಡ. ಹಾಲನ್ನು ಕಾಯುವುದು ನಿಮ್ಮ ಹುಳಿಯೇ. ದಿನಕ್ಕೆರಡು ತೆಗೆದು ಬಿಸಿ ಮಾಡಿಕೊಳ್ಳುತ್ತಾ ಹೋಗಿ.

ಹಾಲಿಗೆ ಅಂಗಡಿಯ ಕಪಾಟಿನಲ್ಲೇ ಸಿಗುವ, ತೆರೆಯುವವರೆಗೆ ಫ್ರಿಜ್ ಬೇಡದ ಒಂದು ಲೀಟರ್ ಯುಎಚ್‌ಟಿ ಪೊಟ್ಟಣಗಳನ್ನು ಒಯ್ಯಿರಿ. ಅದರಲ್ಲೇ ಮೊಸರೂ ಆಗುತ್ತದೆ: ಉಗುರು ಬೆಚ್ಚಗೆ ಮಾಡಿ ಹೆಪ್ಪು ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಸಿದ್ಧ, ಗಟ್ಟಿತನ ಒಂದಿಷ್ಟು ಕಡಿಮೆ ಅಷ್ಟೆ. ನಾಲ್ಕು ದಿನದ ಮೊಸರು ಹೊರುವ ಬದಲು ಎರಡು ಚಮಚ ಹೆಪ್ಪನ್ನು ಮಾತ್ರ ತಣ್ಣಗೆ ಕಾಪಾಡಿದರೆ ಸಾಕು. ದೋಸೆ ಹಿಟ್ಟನ್ನು ಹುದುಗು ಬಂದ ಮೇಲೆ ಒಯ್ಯುವುದೇ ನಿಮ್ಮ ತೊಂದರೆಯ ಮೂಲ. ತಂಪು ಸ್ವಲ್ಪ ಸಡಿಲವಾದರೂ ಹುದುಗು ಮತ್ತೆ ಎದ್ದು ಡಬ್ಬಿಯಲ್ಲಿ ಅನಿಲ ತುಂಬುತ್ತದೆ. ರುಬ್ಬಿದ ಕೂಡಲೇ, ಹುದುಗು ಬರುವ ಮೊದಲೇ, ಅರ್ಧ ಮಾತ್ರ ತುಂಬಿದ ಡಬ್ಬಿಯಲ್ಲಿ ಫ್ರೀಜ್ ಮಾಡಿ ಒಯ್ದು, ದೋಸೆ ಬೇಕಾದ ಹಿಂದಿನ ಸಂಜೆ ಹೊರಗಿಟ್ಟರೆ ಕರಗಿ ಬೆಳಿಗ್ಗೆಗೆ ಹುದುಗುತ್ತದೆ. ಉಳಿದ ತಿಂಡಿಗಳಿಗೆ ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದೇ ಇವೆ. ತೆಂಗಿನತುರಿಯ ಜಾಗಕ್ಕೆ ಒಣಕೊಬ್ಬರಿ.

ಕೊನೆಯದಾಗಿ ಗಡಿಯ ತಪಾಸಣೆ. ಫ್ರಿಜ್ ತುಂಬುವ ಮೊದಲೇ ಇದನ್ನು ಯೋಚಿಸಬೇಕು. ಹಣ್ಣುನೊಣ ಹರಡದಂತೆ ದಕ್ಷಿಣ ಆಸ್ಟ್ರೇಲಿಯ ರಾಜ್ಯವು ವಿಕ್ಟೋರಿಯದಿಂದ ಬರುವ ಹಣ್ಣುಗಳನ್ನೂ ಟೊಮೆಟೊ, ಮೆಣಸಿನಕಾಯಿ, ಬದನೆಯಂಥ ತರಕಾರಿಗಳನ್ನೂ ಒಳಬಿಡುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯದ ಗಡಿಯಾದ ಬಾರ್ಡರ್ ವಿಲೇಜ್ ಬಳಿ ಹಗಲು ರಾತ್ರಿ ತೆರೆದಿರುವ ತಪಾಸಣಾ ಠಾಣೆಯಲ್ಲಿ ಅಧಿಕಾರಿಗಳು ಕ್ಯಾರವಾನ್ ಒಳಗೆ ಬಂದು ಫ್ರಿಜ್ ತೆರೆದು ನೋಡುತ್ತಾರೆ. ಅಲ್ಲಿ ತಾಜಾ ಹಣ್ಣು, ತರಕಾರಿಗಳ ಜೊತೆಗೆ ಜೇನುತುಪ್ಪವನ್ನೂ ಬಿಟ್ಟು ಹೋಗಬೇಕಾಗುತ್ತದೆ. ಕರಿಬೇವು ನಿಂಬೆಯ ಕುಲಕ್ಕೆ ಸೇರಿದ ಗಿಡ, ತಾಜಾ ಎಲೆಯನ್ನು ಒಯ್ಯುವ ಯೋಚನೆಯೇ ಬೇಡ. ಒಗ್ಗರಣೆಯನ್ನು ಮನೆಯಲ್ಲೇ ಮಾಡಿ ಹುಳಿಗೆ ಸೇರಿಸಿಬಿಡಿ. ಬೇಯಿಸಿ ಫ್ರೀಜ್ ಮಾಡಿದ ಅಡುಗೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಪಟ್ಟಿಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರ ಎರಡೂ ರಾಜ್ಯಗಳ ಕೃಷಿ ಇಲಾಖೆಯ ಸೂಚನೆಗಳನ್ನು ನೋಡಿಕೊಳ್ಳಿ. ನಲ್ಲರ್ಬಾರ್‌ಗೆ ಪೂರ್ವದಲ್ಲಿರುವ ಸೆಡೂನ ಊರಿನಿಂದ ಪಶ್ಚಿಮದ ನಾರ್ಸ್‌ಮನ್ ಊರಿನವರೆಗಿನ ಸುಮಾರು 1,200 ಕಿಲೋಮೀಟರಿನಲ್ಲಿ ಬಂಕು, ಹೋಟೆಲುಗಳ ಹೊರತು ಸಂತೆಯಂಥದ್ದೇನೂ ಇಲ್ಲ. ಆದ್ದರಿಂದ ತರಕಾರಿಯನ್ನು ಸೆಡೂನದಲ್ಲಿ ಒಂದೂವರೆ ದಿನಕ್ಕಾಗುವಷ್ಟೇ ಕೊಂಡು ಗಡಿಗೆ ಮೊದಲು ಮುಗಿಸಿ, ಗಡಿಯಿಂದ ನಾರ್ಸ್‌ಮನ್‌ವರೆಗೆ ಫ್ರೀಜ್ ಮಾಡಿದ ಅಡುಗೆಯನ್ನು ನೆಚ್ಚಿಕೊಳ್ಳಿ. ಮರಳುವಾಗ ತಪಾಸಣೆ ನಡೆಯುವುದು ಗಡಿಯಲ್ಲಲ್ಲ, ಸೆಡೂನದಲ್ಲಿ. ಆಗ ಪರ್ತ್‌ನಿಂದ ತಂದ ತರಕಾರಿಯನ್ನು ಸೆಡೂನ ಬರುವವರೆಗೂ ಬಳಸಬಹುದು, ಅಲ್ಲಿಗೆ ಫ್ರಿಜ್ ಖಾಲಿಯಾಗಿರುವಂತೆ ಲೆಕ್ಕ ಹಾಕಿ ಕೊಳ್ಳಿ.